ಚದುರಿದ ಫೋಟಾನುಗಳ ಲೆಕ್ಕ

ಗಾಮಾ ಕಿರಣಗಳ ಖಗೋಳ ವಿಜ್ಞಾನವನ್ನು ಕುರಿತ ಯಾವ ಉಪನ್ಯಾಸಕ್ಕೆ ಹೋದರೂ ಒಂದು ನಕ್ಷೆಯನ್ನು ತಪ್ಪದೆ ತೋರಿಸುತ್ತಾರೆ. ಅಡ್ಡಕ್ಕೆ ಫೋಟಾನಿನ ಶಕ್ತಿ, ಉದ್ದಕ್ಕೆ ಆಯಾ ದೂರದರ್ಶಕ ಗುರುತಿಸಬಲ್ಲ ಅತಿ ಕ್ಷೀಣವಾದ ಹೊಳಪು; ಗೆರೆ ಕೆಳಗಿದ್ದಷ್ಟೂ ಉಪಕರಣ ಸೂಕ್ಷ್ಮ ಎಂದರ್ಥ. ಎಡಗಡೆ ಎಕ್ಸ್-ಕಿರಣ ದೂರದರ್ಶಕಗಳ ಗೆರೆಗಳು ಆಳಕ್ಕೆ ಇಳಿದಿರುತ್ತವೆ. ಬಲಗಡೆ ಬಾಹ್ಯಾಕಾಶದಲ್ಲಿರುವ ನಾಸಾದ ಫರ್ಮಿ ದೂರದರ್ಶಕದ್ದು, ಅದರಾಚೆ ಗಾಮಾ ಕಿರಣಗಳು ವಾತಾವರಣದಲ್ಲಿ ಎಬ್ಬಿಸುವ ಕ್ಷಣಿಕ ಹೊಳಪನ್ನು ನೋಡುವ, ನೆಲದ ಮೇಲಿನ ಚೆರೆಂಕೋವ್ ದೂರದರ್ಶಕಗಳದ್ದು. ಎಡಗಡೆಯ ಮತ್ತು ಬಲಗಡೆಯ ಈ ಗೆರೆಗಳ ನಡುವೆ, ಕೆಲವು ನೂರು ಕಿಲೋ ಎಲೆಕ್ಟ್ರಾನ್‌ವೋಲ್ಟಿನಿಂದ ಹಿಡಿದು ಸುಮಾರು ನೂರು ಮೆಗಾ ಎಲೆಕ್ಟ್ರಾನ್‌ವೋಲ್ಟಿನವರೆಗೆ, ಗೆರೆಗಳೆಲ್ಲ ಒಟ್ಟಾಗಿ ಮೇಲಕ್ಕೇರಿ ದಿಬ್ಬವಾಗುತ್ತವೆ. ಅಕ್ಕಪಕ್ಕದ ಪಟ್ಟಿಗಳಿಗೆ ಹೋಲಿಸಿದರೆ ಅಲ್ಲಿ ನಮ್ಮ ಕಣ್ಣು ಹತ್ತಾರು ಪಟ್ಟು, ಕೆಲವೆಡೆ ನೂರು ಪಟ್ಟು ಮಂದ. (ಇನ್ನು ಮುಂದೆ ಕೆಇವಿ, ಎಂಇವಿ, ಎಂಇವಿಯ ಸಾವಿರ ಪಟ್ಟಿಗೆ ಜಿಇವಿ ಎಂದು ಬರೆಯುತ್ತೇನೆ. ಇವು ಶಕ್ತಿಯ ಮಾನಗಳು; ಕಣಗಳ ದ್ರವ್ಯರಾಶಿಯನ್ನೂ ಇವುಗಳಲ್ಲೇ ಹೇಳುವುದು ರೂಢಿ, ಪ್ರೋಟಾನಿನದು ಸುಮಾರು 1 ಜಿಇವಿ.)

ಬೆಂಗಳೂರಿನಲ್ಲಿರುವವರಿಗೆ ಇಂಥ ಉಪನ್ಯಾಸಗಳಿಗೆ ಬರವಿಲ್ಲ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಹೆಸರಘಟ್ಟದ ಕಡೆಯ ಐಸಿಟಿಎಸ್, ನೆಹರು ತಾರಾಲಯ ಹೀಗೆ ಎಲ್ಲಾದರೂ ಒಂದು ಕಡೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಬಿಡುವಾದಾಗ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಭಾಷಣಕಾರರು ಆ ದಿಬ್ಬದ ಮೇಲೆ ಲೇಸರ್ ಚುಕ್ಕೆಯನ್ನು ಒಮ್ಮೆ ಆಡಿಸಿ, ಇಲ್ಲಿ ಸದ್ಯಕ್ಕೆ ಒಳ್ಳೆಯ ಉಪಕರಣವಿಲ್ಲವೆಂದು ಹೇಳಿ ಮುಂದಕ್ಕೆ ದಾಟುತ್ತಾರೆ. ಆಮೇಲೆ ಬರುವುದು ಸಾಮಾನ್ಯವಾಗಿ ಕಪ್ಪುದ್ರವ್ಯದ, ಅಂದರೆ ಡಾರ್ಕ್ ಮ್ಯಾಟರಿನ ಪ್ರಸ್ತಾಪ. ಇದುವರೆಗೆ ಗುರುತ್ವದಿಂದ ಮಾತ್ರ ಇರವು ಗೊತ್ತಾಗಿರುವ, ಕಣ್ಣಿಗೆ ಕಾಣದ ದ್ರವ್ಯ ಅದು. ಇಷ್ಟು ವರ್ಷ ಹುಡುಕಿದರೂ ಸಿಕ್ಕಿಲ್ಲ ಎಂಬ ಮಾತು. ಒಂದರ ಹಿಂದೊಂದು ಬರುವ ಈ ಎರಡು ಮಾತುಗಳಿಗೆ ಸಂಬಂಧವಿದೆಯೆಂದು ಯಾರೂ ನಿಂತು ಹೇಳದಿರುವುದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಹುಡುಕಾಟ ಹೆಚ್ಚಾಗಿ ನಡೆದಿರುವುದು ಪ್ರೋಟಾನಿಗಿಂತ ಹತ್ತಾರು, ನೂರಾರು ಪಟ್ಟು ಭಾರವಾದ ಕಣಗಳಿಗಾಗಿ. ಪ್ರೋಟಾನಿಗಿಂತ ಹಗುರವಾದ ಕಣಗಳು ಗಾಮಾ ಕಿರಣಗಳನ್ನು ಹೊಮ್ಮಿಸಿದರೆ ಅವು ಬಂದು ಬೀಳುವುದು ಬಹುಪಾಲು ಆ ದಿಬ್ಬದ ಕೆಳಗೇ. ಆ ಭಾಗದ ಮಟ್ಟಿಗೆ ಸಿಕ್ಕಿಲ್ಲ ಎನ್ನುವುದಕ್ಕಿಂತ ಸರಿಯಾಗಿ ನೋಡಿಲ್ಲ ಎನ್ನುವುದು ನಿಜಕ್ಕೆ ಹತ್ತಿರ.

ಗ್ರಾಫ್ ಹಾಳೆಯ ಎಡಭಾಗ

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಹಳೆಯದೊಂದು ಗಾಮಾ ಸ್ಪೆಕ್ಟ್ರೋಮೀಟರ್ ಇದೆ. ಸೋಡಿಯಂ ಅಯೋಡೈಡ್ ಹರಳು, ಅದಕ್ಕಂಟಿದ ಫೋಟೋಮಲ್ಟಿಪ್ಲಯರ್ ಕೊಳವೆ, ಸುತ್ತ ಸೀಸದ ಇಟ್ಟಿಗೆಗಳು, ನಾಣ್ಯದಷ್ಟು ಅಗಲದ ಸೀಸಿಯಂ-137ರ ಬಿಲ್ಲೆ. ವಿದ್ಯಾರ್ಥಿಗಳು ಬೇಸ್‌ಲೈನ್ ನಾಬನ್ನು ಒಂದೊಂದೇ ಗೀಟು ಮುಂದಕ್ಕೆ ತಿರುಗಿಸುತ್ತ, ಪ್ರತಿ ಸಲವೂ ಎಣಿಕೆಯನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾರೆ. ಬಲಗಡೆ 662 ಕೆಇವಿಯಲ್ಲಿ ಚೂಪಾದ ಶಿಖರವೊಂದು ಏಳುತ್ತದೆ. ಅದರ ಎಡಕ್ಕೆ ಸಣ್ಣ ಕಣಿವೆ, ನಂತರ 478 ಕೆಇವಿಯ ಬಳಿ ಒಂದು ಅಂಚು, ಆ ಅಂಚಿನಿಂದ ಎಡಕ್ಕೆ ಉದ್ದಾನುದ್ದ ಬಯಲು. ಪರೀಕ್ಷೆಯಲ್ಲಿ ಕೇಳುವುದು ಶಿಖರದ ಅಗಲವನ್ನು ಮಾತ್ರ. ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ಬಯಲಿನ ಅರ್ಧಕ್ಕೆ ಪೆನ್ಸಿಲ್ ನಿಲ್ಲಿಸಿ, "ಸರ್, ಇಲ್ಲೆಲ್ಲ ರೀಡಿಂಗ್ ತೊಗೊಳ್ಳಲೇಬೇಕಾ? ಲೆಕ್ಕಕ್ಕೆ ಬೇಕಿರೋದು ಪೀಕ್ ಒಂದೇ ಅಲ್ವಾ?" ಎಂದು ಕೇಳಿದಳು. ತೆಗೆದುಕೊಳ್ಳಲೇಬೇಕು ಎಂದೆ. ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ಪಠ್ಯಕ್ರಮ ಆ ಬಯಲಿಗೆ ಒಂದು ಅಂಕವನ್ನೂ ಕೊಡುವುದಿಲ್ಲ.

ಆದರೆ ನಮ್ಮಲ್ಲಿರುವಂಥ ಸಣ್ಣ ಹರಳಿನಲ್ಲಿ ಎಣಿಕೆಯ ದೊಡ್ಡ ಪಾಲು ಬೀಳುವುದು ಆ ಬಯಲಿನಲ್ಲೇ. ಫೋಟಾನು ಹರಳಿನೊಳಗಿನ ಎಲೆಕ್ಟ್ರಾನಿಗೆ ಬಡಿದು, ಶಕ್ತಿಯ ಒಂದು ಭಾಗವನ್ನು ಅದಕ್ಕೆ ಕೊಟ್ಟು, ದಿಕ್ಕು ಬದಲಿಸಿ ಹೊರಟುಹೋದಾಗ ಆಗುವ ಎಣಿಕೆಗಳವು. 1923ರಲ್ಲಿ ಆರ್ಥರ್ ಕಾಂಪ್ಟನ್ ವಿವರಿಸಿದ ಚದುರಿಕೆ ಇದೇ. (1928ರಲ್ಲಿ ರಾಮನ್ ಅವರು ತಮ್ಮ ಹೊಸ ಬೆಳಕಿನ ಬಗ್ಗೆ ನೇಚರ್ ಪತ್ರಿಕೆಗೆ ಕಳಿಸಿದ ಪುಟ್ಟ ಟಿಪ್ಪಣಿ ಆರಂಭವಾಗುವುದೂ ಕಾಂಪ್ಟನ್ನರ ಎಕ್ಸ್-ಕಿರಣಗಳ ಪ್ರಸ್ತಾಪದಿಂದಲೇ.) ಇದಕ್ಕಿಂತ ತೀರ ಕಡಿಮೆ ಶಕ್ತಿಯ ಫೋಟಾನನ್ನು ಪರಮಾಣು ಇಡಿಯಾಗಿ ನುಂಗಿಬಿಡುತ್ತದೆ. ಸುಮಾರು 10 ಎಂಇವಿ ದಾಟಿದ ಮೇಲೆ ಫೋಟಾನು ಹೆಚ್ಚಾಗಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನಿನ ಜೋಡಿಯಾಗಿ ಒಡೆಯುತ್ತದೆ, ಆ ಎರಡು ಜಾಡುಗಳನ್ನು ಹಿಂದಕ್ಕೆ ಎಳೆದರೆ ಅದು ಬಂದ ದಿಕ್ಕು ತಿಳಿಯುತ್ತದೆ. ಫರ್ಮಿ ಕೆಲಸ ಮಾಡುವುದು ಹಾಗೆ. ಆದರೆ ಶಕ್ತಿ ಕಡಿಮೆಯಾದಷ್ಟೂ ಆ ಜಾಡುಗಳು ಉಪಕರಣದೊಳಗಿನ ಲೋಹದ ಹಾಳೆಗಳಲ್ಲಿ ತೂರಾಡಿ ದಿಕ್ಕನ್ನು ಕೆಡಿಸುವುದರಿಂದ, 100 ಎಂಇವಿಗಿಂತ ಕೆಳಗೆ ಫರ್ಮಿಯ ಚಿತ್ರ ಬಹಳ ಮಸುಕು. ಅದಕ್ಕೂ ಕೆಳಗೆ, ಎಂಇವಿಯ ಆಸುಪಾಸಿನಲ್ಲಿ, ಫೋಟಾನು ಇಡಿಯಾಗಿ ಸಿಗುವುದೂ ಇಲ್ಲ, ಒಡೆದು ಜಾಡು ಬಿಡುವುದೂ ಇಲ್ಲ. ಚದುರುತ್ತದೆ. ಕನ್ನಡಿಯಿಂದ ಅದನ್ನು ಒಂದು ಬಿಂದುವಿಗೆ ತರಲಂತೂ ಆಗದು.

ಚದುರುವುದನ್ನೇ ಬಳಸಿಕೊಳ್ಳುವ ದೂರದರ್ಶಕವನ್ನು ಕಟ್ಟಬಹುದು. ಮೇಲಿನ ಪದರದಲ್ಲಿ ಫೋಟಾನು ಒಮ್ಮೆ ಚದುರಬೇಕು, ಕೆಳಗಿನ ಪದರದಲ್ಲಿ ಸೆರೆಸಿಗಬೇಕು. ಎರಡೂ ಕಡೆ ಅದು ಬಿಟ್ಟುಹೋದ ಶಕ್ತಿಯನ್ನು ಅಳೆದರೆ ಎಷ್ಟು ಕೋನ ತಿರುಗಿತೆಂಬುದು ಕಾಂಪ್ಟನ್ನರ ಸೂತ್ರದಿಂದ ಸಿಗುತ್ತದೆ. ಅಷ್ಟರಿಂದ ಬಂದ ದಿಕ್ಕು ಗೊತ್ತಾಗುವುದಿಲ್ಲ, ಆಕಾಶದಲ್ಲಿ ಒಂದು ಉಂಗುರ ಮಾತ್ರ ಗೊತ್ತಾಗುತ್ತದೆ. ಸಾವಿರಾರು ಉಂಗುರಗಳು ಒಂದನ್ನೊಂದು ಛೇದಿಸುವಲ್ಲಿ ಆಕರವಿದೆಯೆಂದು ಊಹಿಸಬೇಕು. ನಾಸಾದ ಕಾಂಪ್ಟನ್ ಗಾಮಾ ಕಿರಣ ವೀಕ್ಷಣಾಲಯದಲ್ಲಿದ್ದ ಕಾಂಪ್ಟೆಲ್ ಎಂಬ ಉಪಕರಣ 1991ರಿಂದ ಒಂಬತ್ತು ವರ್ಷ ಇದನ್ನೇ ಮಾಡಿತು. ಮೇಲೆ ದ್ರವ ಸಿಂಟಿಲೇಟರ್ (ಕಿರಣ ಬಡಿದಾಗ ಮಿನುಗುವ ದ್ರವ), ಒಂದೂವರೆ ಮೀಟರ್ ಕೆಳಗೆ ನಮ್ಮ ಪ್ರಯೋಗಾಲಯದಲ್ಲಿರುವಂಥದೇ ಸೋಡಿಯಂ ಅಯೋಡೈಡ್. ಉಪಗ್ರಹದ ಒಂದು ಗೈರೋಸ್ಕೋಪ್ ಕೆಟ್ಟಿತು. ಇನ್ನೊಂದು ಕೆಟ್ಟರೆ ಹದಿನೇಳು ಟನ್ನಿನ ಆ ಯಂತ್ರ ಎಲ್ಲಿ ಬೀಳುತ್ತದೋ ಹೇಳಲಾಗದೆಂದು 2000ದ ಜೂನ್ 4ರಂದು ಅದನ್ನು ಬೇಕೆಂದೇ ಪೆಸಿಫಿಕ್ ಸಾಗರಕ್ಕೆ ಇಳಿಸಿದರು. ಅಷ್ಟೂ ವರ್ಷಗಳ ದುಡಿಮೆಯ ಫಲವಾಗಿ ಕಾಂಪ್ಟೆಲ್ ಪಟ್ಟಿಯಲ್ಲಿ ಸೇರಿದ ಸ್ಥಿರ ಆಕರಗಳು 32. ಫರ್ಮಿಯ ಪಟ್ಟಿಯಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಇದರಲ್ಲಿ ಕಾಂಪ್ಟೆಲ್‌ನ ಕುಂದೇನೂ ಇಲ್ಲ. ವಿಶ್ವಕಿರಣಗಳು ಬಡಿದು ಉಪಗ್ರಹದ ಸ್ವಂತ ಲೋಹವೇ ವಿಕಿರಣಶೀಲವಾಗಿ ಈ ಶಕ್ತಿಯಲ್ಲೇ ಮಿನುಗುತ್ತದೆ. ಕೆಳಗಿನಿಂದ ಭೂಮಿಯ ವಾತಾವರಣವೂ ಮಿನುಗುತ್ತದೆ. ಕಾಂಪ್ಟೆಲ್ ಮುಳುಗಿದ ಮೇಲೆ ಅದರಂಥ ಇನ್ನೊಂದು ದೂರದರ್ಶಕ ಕಾಲು ಶತಮಾನ ಕಳೆದರೂ ಅದರ ಜಾಗಕ್ಕೆ ಬಂದಿಲ್ಲ.

ಹಗುರವಾದರೆ ಆಗುವ ಲಾಭ

ಕಪ್ಪುದ್ರವ್ಯದ ಕಣ ಭಾರವಾಗಿಯೇ ಇರಬೇಕೆಂಬ ಅಭ್ಯಾಸ ಎಲ್ಲಿಂದ ಬಂತು? 1977ರಲ್ಲಿ ಬೆಂಜಮಿನ್ ಲೀ ಮತ್ತು ಸ್ಟೀವನ್ ವೈನ್‌ಬರ್ಗ್ ಒಂದು ಲೆಕ್ಕ ಮಾಡಿದರು. ಕಣವು ನಮಗೆ ಗೊತ್ತಿರುವ ದುರ್ಬಲ ಬಲದ (ಬೀಟಾ ಕ್ಷಯದ ಹಿಂದಿರುವ ಬಲ) ಮೂಲಕವೇ ವರ್ತಿಸುವುದಾದರೆ, ಅದರ ದ್ರವ್ಯರಾಶಿ ಸುಮಾರು 2 ಜಿಇವಿಗಿಂತ ಕಡಿಮೆಯಿದ್ದಾಗ ವಿಶ್ವದ ಆದಿಯಲ್ಲಿ ಅವು ಪರಸ್ಪರ ನಾಶವಾಗುವುದು ಸಾಲದೆ, ಇಂದು ಮಿಗಬೇಕಾದದ್ದಕ್ಕಿಂತ ಬಹಳ ಹೆಚ್ಚು ಮಿಗುತ್ತವೆ. (ವಿಶ್ವದ ಒಟ್ಟು ತೂಕವನ್ನು ಮುಂದಿಟ್ಟುಕೊಂಡು ಒಂದು ಕಣದ ದ್ರವ್ಯರಾಶಿಗೆ ಮಿತಿ ಹಾಕುವ ಈ ಬಗೆಯ ವಾದವನ್ನು 1972ರಲ್ಲೇ ನ್ಯೂಟ್ರಿನೊಗಳ ವಿಷಯದಲ್ಲಿ ಮಂಡಿಸಿದವರು ರಾಮನಾಥ್ ಕೌಶಿಕ್ ಮತ್ತು ಮೆಕ್ಲೆಲಂಡ್. ಕೌಶಿಕ್ ಮುಂದೆ ಕೋರಮಂಗಲದ ಖಭೌತ ಸಂಸ್ಥೆಯ ನಿರ್ದೇಶಕರಾದರು. ನಮ್ಮೂರಿನ ಪತ್ರಿಕೆಗಳಿಗೆ ಇದು ಯಾಕೋ ನೆನಪಾಗುವುದಿಲ್ಲ.) ಲೀ-ವೈನ್‌ಬರ್ಗ್ ಮಿತಿಯಲ್ಲಿ "ಗೊತ್ತಿರುವ ಬಲದ ಮೂಲಕವೇ" ಎಂಬ ಷರತ್ತು ಇದೆ. ಆ ಷರತ್ತನ್ನು ಸಡಿಲಿಸಿ, ಬಲವನ್ನು ಸಾಗಿಸುವ ಹೊಸ ಕಣವೊಂದನ್ನು ಸೇರಿಸಿಕೊಂಡರೆ ಎಂಇವಿ ತೂಕದ ಕಪ್ಪುದ್ರವ್ಯವೂ ಸಾಧ್ಯವೆಂದು ಸೆಲೀನ್ ಬೋಮ್ ಮತ್ತು ಪಿಯೆರ್ ಫಯೆ 2004ರಲ್ಲಿ ತೋರಿಸಿದರು.

ಕಪ್ಪುದ್ರವ್ಯದ ಕಣ ಬಂದು ಬಡಿಯಲೆಂದು ನೆಲದಡಿ ಇಟ್ಟಿರುವ ದ್ರವ ಕ್ಸೆನಾನ್ ತೊಟ್ಟಿಗಳಲ್ಲಿ ಹಗುರ ಕಣವನ್ನು ಹಿಡಿಯುವುದು ಕಷ್ಟ. 100 ಎಂಇವಿಯ ಕಣ ಬೆಳಕಿನ ವೇಗದ ಸಾವಿರದಲ್ಲೊಂದು ಭಾಗದಷ್ಟು ವೇಗದಲ್ಲಿ ಬಂದು ಕ್ಸೆನಾನ್ ನ್ಯೂಕ್ಲಿಯಸ್ಸಿಗೆ ಬಡಿಯುವುದೆಂದರೆ ರುಬ್ಬುಗುಂಡಿಗೆ ಗೋಲಿ ಹೊಡೆದ ಹಾಗೆ: ನ್ಯೂಕ್ಲಿಯಸ್ಸಿಗೆ ದಕ್ಕುವ ಶಕ್ತಿ ಒಂದು ಎಲೆಕ್ಟ್ರಾನ್‌ವೋಲ್ಟಿಗಿಂತಲೂ ಕಡಿಮೆ, ತೊಟ್ಟಿಗೆ ಕಾಣಿಸಲು ಬೇಕಾದದ್ದು ಸಾವಿರದ ಲೆಕ್ಕದಲ್ಲಿ. ಆಕಾಶದ ಕಡೆಗೆ ತಿರುಗಿದರೆ ಮಾತ್ರ ಹಗುರವಾಗಿರುವುದು ಲಾಭವೇ ಆಗುತ್ತದೆ. ನಮ್ಮ ಸುತ್ತಲಿನ ಕಪ್ಪುದ್ರವ್ಯದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 0.3ರಿಂದ 0.4 ಜಿಇವಿ. ನಕ್ಷತ್ರಗಳ ಚಲನೆಯಿಂದ ಸಿಗುವುದು ಈ ಒಟ್ಟು ತೂಕ ಮಾತ್ರ. ಅದನ್ನು ಎಷ್ಟು ಕಣಗಳು ಹಂಚಿಕೊಂಡಿವೆ ಎಂಬುದು ಗೊತ್ತಾಗುವುದಿಲ್ಲ. ಕಣ 100 ಜಿಇವಿಯದಾದರೆ ಒಂದು ಕಣಕ್ಕಾಗಿ ಇನ್ನೂರೈವತ್ತು ಮುನ್ನೂರು ಘನ ಸೆಂಟಿಮೀಟರ್ ಜಾಲಾಡಬೇಕು, 10 ಎಂಇವಿಯದಾದರೆ ಪ್ರತಿ ಘನ ಸೆಂಟಿಮೀಟರಿನಲ್ಲೂ ಮೂವತ್ತು ನಲವತ್ತು ಇರುತ್ತವೆ. ಎರಡು ಕಣಗಳು ಸಂಧಿಸಿ ನಾಶವಾಗುವ ಘಟನೆಗಳು ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತವೆ. ಉಳಿದೆಲ್ಲ ಸಮನಾಗಿದ್ದರೆ ಹತ್ತು ಸಾವಿರ ಪಟ್ಟು ಹಗುರವಾದ ಕಣಕ್ಕೆ ಘಟನೆಗಳು ಹತ್ತು ಕೋಟಿ ಪಟ್ಟು.

ಇದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಬರುವ ಬೆಳಕಿನ ಸ್ವರೂಪ. ಭಾರದ ಕಣಗಳು ನಾಶವಾದಾಗ ಕ್ವಾರ್ಕುಗಳು ಹುಟ್ಟಿ, ಅವುಗಳಿಂದ ಪಯಾನುಗಳೆಂಬ ಅಲ್ಪಾಯು ಕಣಗಳ ಮಳೆ ಸುರಿದು, ಕೊನೆಗೆ ಉಳಿಯುವುದು ಜಿಇವಿಯ ಸುತ್ತಲಿನ ಅಸ್ಪಷ್ಟ ಉಬ್ಬು. ಆಕಾಶಗಂಗೆಯ ಕೇಂದ್ರದಲ್ಲಿ ಅಂಥ ಉಬ್ಬೊಂದನ್ನು ಫರ್ಮಿಯ ದತ್ತಾಂಶದಲ್ಲಿ 2009ರಲ್ಲಿ ಗುರುತಿಸಿದರು; ಅದು ಕಪ್ಪುದ್ರವ್ಯದ್ದೋ ಮಿಲಿಸೆಕೆಂಡ್ ಪಲ್ಸಾರುಗಳದ್ದೋ (ಅತಿ ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರಗಳದ್ದೋ) ಎಂಬ ಜಗಳ ಇನ್ನೂ ಹರಿದಿಲ್ಲ, ಏಕೆಂದರೆ ಎರಡರ ಉಬ್ಬೂ ಒಂದೇ ತೆರನಾಗಿದೆ. ಹಗುರ ಕಣಗಳಿಗೆ ಅಷ್ಟು ದಾರಿಗಳೇ ಇಲ್ಲ. ಎಲೆಕ್ಟ್ರಾನಿನ ಭಾರದ ಬಂಧುವಾದ ಮ್ಯೂಯಾನಿನ 106 ಎಂಇವಿಗಿಂತ ಹಗುರವಾದ ಕಣ ಜೋಡಿಯಾಗಿ ನಾಶವಾದರೆ ನಮಗೆ ಗೊತ್ತಿರುವ ಕಣಗಳ ಪೈಕಿ ಮುಖ್ಯವಾಗಿ ಹುಟ್ಟಬಲ್ಲವು ಎಲೆಕ್ಟ್ರಾನ್-ಪಾಸಿಟ್ರಾನ್, ಫೋಟಾನು, ನ್ಯೂಟ್ರಿನೊ. ನೇರವಾಗಿ ಎರಡು ಫೋಟಾನುಗಳಾದರೆ ಕಣದ ದ್ರವ್ಯರಾಶಿಯಷ್ಟೇ ಶಕ್ತಿಯಲ್ಲಿ ಚೂಪಾದ ರೇಖೆ ಏಳುತ್ತದೆ. ನ್ಯೂಕ್ಲಿಯಸ್ಸುಗಳ ಗಾಮಾ ರೇಖೆಗಳು ಬಹುಮಟ್ಟಿಗೆ 10 ಎಂಇವಿಯೊಳಗೇ ಮುಗಿಯುವುದರಿಂದ, 40 ಎಂಇವಿಯಲ್ಲಿ ಒಂದು ರೇಖೆ ಕಂಡರೆ ಅದನ್ನು ಯಾವ ಪಲ್ಸಾರಿನ ತಲೆಗೂ ಕಟ್ಟಲಾಗದು. ಸ್ವಲ್ಪ ಭಾರದ ಕಣ ತಟಸ್ಥ ಪಯಾನನ್ನು ಹುಟ್ಟಿಸಿದರೆ ಆ ಪಯಾನು 67.5 ಎಂಇವಿಯ ಎರಡು ಫೋಟಾನುಗಳಾಗಿ ಒಡೆಯುತ್ತದೆ. ಪಯಾನಿನ ಓಟದಿಂದಾಗಿ ಆ ರೇಖೆ ಎರಡೂ ಕಡೆಗೆ ಹಿಗ್ಗಿ ಪೆಟ್ಟಿಗೆಯ ಆಕಾರ ತಾಳುತ್ತದೆ. ಹೀಗೆ ಕೈಬರಹ ಗುರುತಿಸಬಲ್ಲಂಥ ಸುಳಿವು ಸಿಗುವ ಕಡೆಯೇ ನಮಗೆ ಕಣ್ಣಿಲ್ಲ.

511

ಸೋದರತ್ತೆಗೆ ಪೆಟ್ ಸ್ಕ್ಯಾನ್ ಮಾಡಿಸಬೇಕಾಗಿ ಬಂದು, ನಗರದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಒಂದು ಬೆಳಗ್ಗೆ ಕೂತಿದ್ದೆ. ಹಳದಿ ಫಲಕದ ಮೇಲೆ ವಿಕಿರಣದ ಮೂರೆಲೆಯ ಗುರುತು, ಗೋಡೆಗೆ ಒರಗಿಸಿಟ್ಟ ಸೀಸದ ಪರದೆ. ಟೆಕ್ನಿಷಿಯನ್ ಹುಡುಗ ದಪ್ಪ ಲೋಹದ ಕವಚವಿದ್ದ ಸಿರಿಂಜನ್ನು ಡಬ್ಬಿಯಿಂದ ತೆಗೆದು, ಕ್ಷಣಾರ್ಧದಲ್ಲಿ ಚುಚ್ಚಿ, "ಅಮ್ಮಾ, ಇನ್ನು ಒಂದು ಗಂಟೆ ಮಾತಾಡಬೇಡಿ, ಕೈಕಾಲು ಆಡಿಸಬೇಡಿ, ಸುಮ್ಮನೆ ಮಲಗಿರಿ" ಎಂದು ಹೇಳಿ ಬೇಗನೆ ಹೊರಗೆ ಬಂದ. ಸಿರಿಂಜಿನಲ್ಲಿದ್ದದ್ದು ವಿಕಿರಣಶೀಲ ಸಕ್ಕರೆ; ಮಾತಾಡಿದರೆ ಗಂಟಲಿನ ಸ್ನಾಯುಗಳು ಅದನ್ನು ಹೀರಿಕೊಂಡು ಚಿತ್ರ ಕೆಡುತ್ತದೆ. ಮಾತಾಡದೆ ಒಂದು ಗಂಟೆ ಇರುವುದೇ ಅತ್ತೆಗೆ ಕಾಯಿಲೆಗಿಂತ ದೊಡ್ಡ ಶಿಕ್ಷೆ. ಎಲ್ಲ ಮುಗಿದು ಹೊರಗೆ ಬಂದಾಗ, ಸಂಜೆಯವರೆಗೆ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದು ಕೊಟ್ಟಿದ್ದ ಚೀಟಿಯನ್ನು ಬೀಸಣಿಗೆಯಂತೆ ಆಡಿಸುತ್ತ, "ಮೂರು ಹೊತ್ತೂ ಗಾಮಾ ಕಿರಣ ಅಂತಿರ್ತೀಯಲ್ಲೋ, ಈಗ ನನ್ನೊಳಗಿಂದಲೇ ಹೊರಡ್ತಿದೆಯಂತೆ, ಬೇಕಾದಷ್ಟು ನೋಡ್ಕೋ" ಎಂದರು.

ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಆ ಸಕ್ಕರೆಯಲ್ಲಿ ಬೆರೆಸಿದ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದು ಕ್ಷಯಿಸುವಾಗ ಪಾಸಿಟ್ರಾನನ್ನು ಉಗುಳುತ್ತದೆ. ಪಾಸಿಟ್ರಾನು ಒಂದೆರಡು ಮಿಲಿಮೀಟರ್ ಸಾಗುವಷ್ಟರಲ್ಲಿ ಎಲೆಕ್ಟ್ರಾನಿಗೆ ಸಿಕ್ಕಿ, ಎರಡೂ ಅಳಿದು, 511 ಕೆಇವಿಯ ಎರಡು ಫೋಟಾನುಗಳು ಎದುರುಬದುರು ದಿಕ್ಕಿಗೆ ಹಾರುತ್ತವೆ. ವಯಸ್ಕರಿಗೆ ಸಾಮಾನ್ಯವಾಗಿ ಕೊಡುವ ಹತ್ತು ಮಿಲಿಕ್ಯೂರಿಯ ಡೋಸಿನಲ್ಲಿ ಮೊದಮೊದಲು ಸೆಕೆಂಡಿಗೆ 37 ಕೋಟಿ ನ್ಯೂಕ್ಲಿಯಸ್ಸುಗಳು ಹೀಗೆ ಕ್ಷಯಿಸುತ್ತವೆ. ಇದೇ 511 ಕೆಇವಿಯ ರೇಖೆ ಆಕಾಶಗಂಗೆಯ ಕೇಂದ್ರದ ದಿಕ್ಕಿನಿಂದಲೂ ಬರುತ್ತಿದೆ. 1970ರ ದಶಕದಲ್ಲಿ ಬಲೂನಿನಲ್ಲಿ ಹಾರಿಸಿದ ಉಪಕರಣಗಳಿಗೆ ಅದು ಸಿಕ್ಕಿತು. 2002ರಲ್ಲಿ ಹಾರಿದ ಯುರೋಪಿನ ಇಂಟೆಗ್ರಲ್ ಉಪಗ್ರಹ ಅದರ ಹರವನ್ನು ಅಳೆಯಿತು. ಆಕಾಶಗಂಗೆಯ ನಡುವೆ ನಕ್ಷತ್ರಗಳು ದಟ್ಟವಾಗಿ ಸೇರಿರುವ ಉಬ್ಬಿನಲ್ಲಿ ಪ್ರತಿ ಸೆಕೆಂಡಿಗೂ ಅಳಿಯುವ ಪಾಸಿಟ್ರಾನುಗಳ ಸಂಖ್ಯೆಯನ್ನು ಬರೆಯಲು ಒಂದರ ಮುಂದೆ ಸುಮಾರು 43 ಸೊನ್ನೆ ಬೇಕು. ಅಷ್ಟಿದ್ದರೂ ಇಲ್ಲಿ ನಮಗೆ ದಕ್ಕುವುದು ಒಂದು ಚದರ ಸೆಂಟಿಮೀಟರಿಗೆ ಸುಮಾರು ಕಾಲು ಗಂಟೆಗೊಂದು ಫೋಟಾನು. ಆಸ್ಪತ್ರೆಯ ಯಂತ್ರ ರೋಗಿಯ ಸುತ್ತ ಬಳೆಯಾಗಿ ನಿಂತಿರುವುದರಿಂದ ಜೋಡಿ ಫೋಟಾನುಗಳೆರಡನ್ನೂ ಹಿಡಿಯುತ್ತದೆ. ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಗೆಡ್ಡೆ ಎಲ್ಲಿದೆಯೆಂದು ತಿಳಿಯುತ್ತದೆ. ಆಕಾಶಗಂಗೆಯ ಕೇಂದ್ರ ಇಪ್ಪತ್ತಾರು ಸಾವಿರ ಜ್ಯೋತಿರ್ವರ್ಷಗಳಾಚೆ ಇದೆ. ಜೋಡಿಯಲ್ಲೊಂದು ನಮ್ಮ ಕಡೆ ಬಂದರೆ ಇನ್ನೊಂದು ಆಚೆ ಹೋಗಿರುತ್ತದೆ. ಮತ್ತೆ ಉಂಗುರಗಳ, ಅಂದಾಜುಗಳ ಲೆಕ್ಕವೇ ಗತಿ.

ಆ ಪಾಸಿಟ್ರಾನುಗಳನ್ನು ಹುಟ್ಟಿಸುತ್ತಿರುವವರು ಯಾರು? ನಕ್ಷತ್ರಗಳಲ್ಲಿ ತಯಾರಾಗುವ ಅಲ್ಯೂಮಿನಿಯಂ-26 ಒಂದು ಪಾಲನ್ನು ಕೊಡುತ್ತದೆ, ಅದರ 1.809 ಎಂಇವಿ ರೇಖೆಯನ್ನು ಕಾಂಪ್ಟೆಲ್ ನಕ್ಷೆ ಮಾಡಿತ್ತು. ಆದರೆ ಅದು ಇರುವುದು ಆಕಾಶಗಂಗೆಯ ಚಪ್ಪಟೆ ತಟ್ಟೆಯಲ್ಲಿ, 511ರ ಹೊಳಪು ಹೆಚ್ಚಿರುವುದು ನಡುವಿನ ಉಬ್ಬಿನಲ್ಲಿ. ಹಾಗಾದರೆ ಇದು ಕೆಲವು ಎಂಇವಿಯ ಕಪ್ಪುದ್ರವ್ಯ ನಾಶವಾಗುತ್ತಿರುವ ಗುರುತಿರಬಹುದೇ ಎಂದು ಬೋಮ್ ಮತ್ತು ಸಂಗಡಿಗರು 2004ರಲ್ಲಿ ಕೇಳಿದರು.

ಎರಡು ಕಡೆಯ ಒತ್ತು

ಆ ಪ್ರಶ್ನೆಗೆ ಹೌದು ಎನ್ನುವ ಆಸೆ ನನಗೂ ಇದೆ, ಆದರೆ ಪುರಾವೆ ಆ ಕಡೆಗೆ ವಾಲುವುದಿಲ್ಲ. ಪಾಸಿಟ್ರಾನುಗಳು ಹೆಚ್ಚು ಶಕ್ತಿಯೊಂದಿಗೆ ಹುಟ್ಟಿದ್ದರೆ ಅವುಗಳಲ್ಲಿ ಕೆಲವು ನಿಧಾನವಾಗುವ ಮೊದಲೇ, ಓಡುತ್ತಿರುವಾಗಲೇ ಅಳಿದು, 511ಕ್ಕಿಂತ ಮೇಲಿನ ಶಕ್ತಿಗಳಲ್ಲಿ ಹರಡಿದ ಹೊಳಪನ್ನು ಬಿಟ್ಟುಹೋಗಬೇಕಿತ್ತು. ಅಷ್ಟು ಹೊಳಪು ಅಲ್ಲಿಲ್ಲ. ಹುಟ್ಟುವಾಗ ಅವುಗಳ ಶಕ್ತಿ 3 ಎಂಇವಿಯ ಆಸುಪಾಸಿಗಿಂತ ಹೆಚ್ಚಿರಲಾರದೆಂದು ಜಾನ್ ಬೀಕಮ್ ಮತ್ತು ಹಸನ್ ಯುಕ್ಸೆಲ್ 2006ರಲ್ಲಿ ತೋರಿಸಿದರು. ಇನ್ನೊಂದು ಕಡೆಯಿಂದ, ವಿಶ್ವದ ಆದಿಯ ಬಿಸಿಯಲ್ಲಿ ಎಲೆಕ್ಟ್ರಾನುಗಳೊಂದಿಗೆ ಬೆರೆತಿದ್ದ ಕಣ ಕೆಲವೇ ಎಂಇವಿಗಿಂತ ಹಗುರವಾಗಿದ್ದರೆ ಫೋಟಾನು ಮತ್ತು ನ್ಯೂಟ್ರಿನೊಗಳ ನಡುವಿನ ಶಾಖದ ಹಂಚಿಕೆ ಏರುಪೇರಾಗಿ, ಅದರ ಗುರುತು, ಆ ಆದಿಯ ಬಿಸಿಯಿಂದ ಉಳಿದ ಹಿನ್ನೆಲೆ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ದತ್ತಾಂಶದಲ್ಲಿ ಕಾಣಬೇಕಿತ್ತು. ಮೇಲಿನಿಂದ ಒಂದು ಮಿತಿ, ಕೆಳಗಿನಿಂದ ಒಂದು ಮಿತಿ. ನಡುವೆ ಉಳಿದ ಸಂದು ಬಹಳ ಕಿರಿದು. ವಯಸ್ಸಾದ ನಕ್ಷತ್ರಗಳು, ಅವುಗಳ ಸ್ಫೋಟಗಳು, ಎಕ್ಸ್-ಕಿರಣ ಜೋಡಿತಾರೆಗಳು ಇವುಗಳಲ್ಲೇ ಉತ್ತರವಿದೆಯೆಂದು ನಾನು ಭಾವಿಸುತ್ತೇನೆ.

ಜನಪ್ರಿಯ ಬರಹಗಳು ಮುಚ್ಚಿಡುವ ಇನ್ನೊಂದು ತೊಡಕೂ ಇದೆ. ವಿಶ್ವಕ್ಕೆ 3.8 ಲಕ್ಷ ವರ್ಷವಾಗಿದ್ದಾಗ ಕಪ್ಪುದ್ರವ್ಯ ನಾಶವಾಗಿ ಶಕ್ತಿ ಸುರಿಯುತ್ತಿದ್ದರೆ ಆಗಷ್ಟೇ ಕೂಡಿಕೊಂಡಿದ್ದ ಜಲಜನಕ ಮತ್ತೆ ಒಡೆದು, ಹಿನ್ನೆಲೆ ವಿಕಿರಣದ ಮಚ್ಚೆಗಳು ಮಸುಕಾಗುತ್ತಿದ್ದವು. ಪ್ಲಾಂಕ್ ಅಂಥದ್ದೇನನ್ನೂ ಕಾಣಲಿಲ್ಲ. ನಾಶವಾಗುವ ದರ ಕಣಗಳ ವೇಗವನ್ನು ಅವಲಂಬಿಸದಿದ್ದರೆ, ಸುಮಾರು 10 ಜಿಇವಿಗಿಂತ ಹಗುರವಾಗಿದ್ದು ಎಲೆಕ್ಟ್ರಾನುಗಳನ್ನೋ ಫೋಟಾನುಗಳನ್ನೋ ಹುಟ್ಟಿಸುವ ಸರಳ ಮಾದರಿಗಳೆಲ್ಲ ಇದರಿಂದ ಬಿದ್ದುಹೋಗುತ್ತವೆ. ವೇಗವನ್ನು ಅವಲಂಬಿಸುವುದಾದರೆ ಬಚಾವಾಗಬಹುದು, ಆದರೆ ಇಂದಿನ ಆಕಾಶಗಂಗೆಯಲ್ಲೂ ಆ ಕಣಗಳು ನಿಧಾನವಾಗಿಯೇ ಇರುವುದರಿಂದ ದೂರದರ್ಶಕಕ್ಕೆ ಸಿಗುವ ಹೊಳಪೂ ಲಕ್ಷಾಂತರ ಪಟ್ಟು ಕುಗ್ಗುತ್ತದೆ. ಮೇಲೆ ಹೇಳಿದ ಹತ್ತು ಕೋಟಿ ಪಟ್ಟಿನ ಲಾಭದ ಬಹುಪಾಲು ಇಲ್ಲಿ ಕರಗಿಹೋಗುತ್ತದೆ. ಜೋಡಿಯಾಗಿ ನಾಶವಾಗದೆ ಒಂಟಿಯಾಗಿ ಕ್ಷಯಿಸುವ ಕಣಗಳಿಗೆ ಈ ಕುಗ್ಗುವಿಕೆ ಅನ್ವಯಿಸುವುದಿಲ್ಲ. ವಿಶ್ವದ ಈಗಿನ ವಯಸ್ಸಿನ ಕೋಟಿ ಪಟ್ಟು ಬಾಳುವ ಕಣವಾದರೂ, ಅವುಗಳ ಸಂಖ್ಯೆ ಅಷ್ಟು ದೊಡ್ಡದಾಗಿರುವುದರಿಂದ, ಈ ಶಕ್ತಿಪಟ್ಟಿಯಲ್ಲಿ ಅಳೆಯಬಹುದಾದಷ್ಟು ಫೋಟಾನುಗಳನ್ನು ಕೊಡುತ್ತದೆ. ಹೊಸ ದೂರದರ್ಶಕಕ್ಕೆ ಬೇಟೆ ಉಳಿದಿರುವುದು ಇಲ್ಲಿ ಎಂಬುದು ನನ್ನ ಅನಿಸಿಕೆ.

ಮುಂದಿನ ಕಣ್ಣು

ಇಂಟೆಗ್ರಲ್ ತನ್ನ ವೀಕ್ಷಣೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ನಮ್ಮ ಆಸ್ಟ್ರೋಸ್ಯಾಟ್ 2015ರಲ್ಲಿ ಹಾರಿದ್ದು ಎಕ್ಸ್-ಕಿರಣ ಮತ್ತು ಅತಿನೇರಳೆ ಕಿರಣಗಳಿಗಾಗಿ, ಆದರೂ ಅದರ ಕ್ಯಾಡ್ಮಿಯಂ-ಜಿಂಕ್-ಟೆಲ್ಯುರೈಡ್ ಉಪಕರಣದಲ್ಲಿ ಪಕ್ಕಪಕ್ಕದ ಎರಡು ಪಿಕ್ಸೆಲುಗಳಲ್ಲಿ ಒಟ್ಟಿಗೇ ಬಿದ್ದ ಎಣಿಕೆಗಳನ್ನು ಚದುರಿದ ಫೋಟಾನುಗಳೆಂದು ಆರಿಸಿ, 380 ಕೆಇವಿಯವರೆಗೆ ಏಡಿ ನೀಹಾರಿಕೆಯ ಪಲ್ಸಾರಿನ ಧ್ರುವೀಕರಣವನ್ನು ನಮ್ಮವರು ಅಳೆದದ್ದು ಜಾಣತನದ ಕೆಲಸ. ಲಡಾಖಿನ ಹಾನ್ಲೆಯಲ್ಲಿ 2024ರಲ್ಲಿ ಉದ್ಘಾಟನೆಯಾದ 21 ಮೀಟರಿನ ಮೇಸ್ ದೂರದರ್ಶಕ ನೋಡುವುದು ಹತ್ತಾರು ಜಿಇವಿಗಿಂತ ಮೇಲೆ. ಎರಡರ ನಡುವೆ ಮತ್ತದೇ ದಿಬ್ಬ.

2027ರಲ್ಲಿ ಹಾರಿಸಬೇಕೆಂದು ನಾಸಾ ಸಿದ್ಧಪಡಿಸುತ್ತಿರುವ ಕೋಸಿ ಸಣ್ಣ ಉಪಗ್ರಹ. ಹದಿನಾರು ಜರ್ಮೇನಿಯಂ ಪತ್ತೆಕಗಳ ಒಂದೇ ರಾಶಿಯಲ್ಲಿ ಫೋಟಾನು ಎಲ್ಲೆಲ್ಲಿ ಬಡಿಯಿತೆಂಬುದನ್ನು ಮೂರೂ ಆಯಾಮದಲ್ಲಿ ಗುರುತಿಸುತ್ತದೆ; ವಿಕಿರಣದ ಗದ್ದಲ ಕಡಿಮೆಯಿರುವ ಸಮಭಾಜಕದ ಮೇಲಿನ ಕಕ್ಷೆಯಲ್ಲಿ ಸುತ್ತುತ್ತ ದಿನಕ್ಕೊಮ್ಮೆ ಇಡೀ ಆಕಾಶವನ್ನು ನೋಡುತ್ತದೆ. 2016ರಲ್ಲಿ ಇದರ ಹಿಂದಿನ ರೂಪ ನ್ಯೂಜಿಲೆಂಡಿನಿಂದ ಬಲೂನಿನಲ್ಲಿ ಹೊರಟು 46 ದಿನ ತೇಲಿ ಪೆರುವಿನಲ್ಲಿ ಇಳಿದಿತ್ತು. 511ರ ಉಬ್ಬು ಕಪ್ಪುದ್ರವ್ಯದಿಂದ ಬಂದಿದ್ದರೆ ಅದು ಕೇಂದ್ರದ ಸುತ್ತ ನಯವಾಗಿ ಇಳಿಯಬೇಕು. ನಕ್ಷತ್ರಗಳದ್ದಾದರೆ ನಕ್ಷತ್ರಗಳ ಹಂಚಿಕೆಯ ಜಾಡು ಹಿಡಿಯಬೇಕು, ಒಂದೊಂದು ಆಕರ ಬಿಡಿಯಾಗಿ ಕಂಡರೂ ಕಾಣಬಹುದು. ಇದನ್ನು ಕೋಸಿ ಬಿಡಿಸಬಲ್ಲದು. ಆದರೆ ಅದರ ವ್ಯಾಪ್ತಿ 0.2ರಿಂದ 5 ಎಂಇವಿ. ಅಲ್ಲಿಂದ ಫರ್ಮಿ ಸ್ಪಷ್ಟವಾಗಿ ನೋಡತೊಡಗುವವರೆಗಿನ ಪಟ್ಟಿ, ಅಂದರೆ ಕ್ಷಯದ ರೇಖೆಗಳೂ ಪಯಾನಿನ ಪೆಟ್ಟಿಗೆಯೂ ಬೀಳಬಹುದಾದ ಜಾಗ, ಹಾಗೆಯೇ ಖಾಲಿ. ಅದಕ್ಕೆಂದು ಯುರೋಪಿನವರು ರೂಪಿಸಿದ ಇ-ಆಸ್ಟ್ರೋಗ್ಯಾಮ್, ಅಮೆರಿಕದವರ ಅಮೇಗೋ-ಎಕ್ಸ್ ಎರಡೂ ಆಯ್ಕೆಯ ಸುತ್ತಿನಲ್ಲಿ ಹೊರಗುಳಿದವು.